ಕಿವಿಗೆ ಬಿದ್ದದ್ದು, ಕಿವಿಗೊಟ್ಟದ್ದು

(ರಬೀವುಲ್ ಅವ್ವಲ್ ತಿಂಗಳಲ್ಲಿ ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಾನು ಕಲಬುರಗಿಯ ಕಡೆಯವನು. ಕೆಲಸದ ಮೇಲೆ ಕರಾವಳಿಗೆ ಬಂದ ಮೊದಲ ವರ್ಷದ ಮೀಲಾದ್ (ಪ್ರವಾದಿಯ ಜನ್ಮದಿನ) ಮೆರವಣಿಗೆ ಇನ್ನೂ ಕಣ್ಣ ಮುಂದಿದೆ. ಮದರಸಾದ ಮಕ್ಕಳು ಎರಡು ಸಾಲಾಗಿ ದಫ್ ಎಂಬ ಬಳೆಯಾಕಾರದ ಚರ್ಮವಾದ್ಯ ಬಾರಿಸುತ್ತ, ಒಮ್ಮೆ ಬಾಗಿ ಒಮ್ಮೆ ಎದ್ದು, ಪ್ರವಾದಿ ಮುಹಮ್ಮದರ (ಸ) ಸ್ತುತಿ ಹಾಡುತ್ತ ಬರುತ್ತಿದ್ದರು. ಮುಂದೆ ಮಸೀದಿಯ ಉಸ್ತಾದರು ನಡೆಯುತ್ತಿದ್ದರು. ಊರಿನಿಂದ ನನ್ನ ಜೊತೆ ಬಂದಿದ್ದ ಗೆಳೆಯ ಮೆಲ್ಲಗೆ ಪಕ್ಕಕ್ಕೆ ಸರಿದು ಒಂದು ಅಂಗಡಿಯ ಜಗಲಿ ಹತ್ತಿ ನಿಂತ. ‘ದೀನಿನ ಮೆರವಣಿಗೆಯಲ್ಲಿ ವಾದ್ಯವೇ? ಅದೂ ಉಸ್ತಾದರ ಕಣ್ಣೆದುರಿಗೆ?’ ಎಂದು ಕೇಳಿದ. ಆದರೆ ಅದೇ ಗೆಳೆಯ ಪ್ರತಿ ವರ್ಷ ಕಲಬುರಗಿಯ ಸೂಫಿ ಸಂತ ಬಂದಾನವಾಜರ ಉರುಸಿನಲ್ಲಿ ಹಾರ್ಮೋನಿಯಂ, ಢೋಲಕ್ಕುಗಳ ಕವ್ವಾಲಿಯನ್ನು ಬೆಳಗಿನ ಜಾವದವರೆಗೆ ಕುಳಿತು ಕೇಳುವವನು. ಕೆಲವು ದಿನಗಳ ಮೇಲೆ ಇಲ್ಲಿಯ ಸಹೋದ್ಯೋಗಿಯೊಬ್ಬರಿಗೆ ಆ ಕವ್ವಾಲಿಯ ವಿಷಯ ಹೇಳಿದೆ. ಅವರ ಮಗ ದಫ್ ತಂಡದಲ್ಲಿದ್ದ. ‘ಹಾರ್ಮೋನಿಯಮ್ಮೇ? ವಲಿಯ ಮಜಾರಿನ ಮುಂದೆಯೇ?’ ಎಂದು ಅವರು ಬೆರಗಾದರು.

ಇಬ್ಬರೂ ಐದು ಹೊತ್ತಿನ ನಮಾಜು ತಪ್ಪಿಸದವರು, ಇಬ್ಬರೂ ಪ್ರವಾದಿಯ ಹೆಸರು ಕೇಳಿದರೆ ಕಣ್ಣು ತುಂಬಿಕೊಳ್ಳುವವರು. ಒಬ್ಬರಿಗೆ ಭಕ್ತಿಯಾಗಿ ಕಂಡದ್ದು ಇನ್ನೊಬ್ಬರಿಗೆ ಅಪಚಾರವಾಗಿ ಕಾಣುತ್ತಿತ್ತು. ಇದೇಕೆ ಎಂದು ನಾನು ಹುಡುಕಲು ತೊಡಗಿದ್ದು ಆಗ. ಇಂದು ನಿಮ್ಮ ಮುಂದೆ ಇಡುತ್ತಿರುವುದು ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಈ ವಿಷಯ ಬಂದಾಗಲೆಲ್ಲ ಒಂದು ಸಿದ್ಧ ಕಥೆ ಇರುತ್ತದೆ: ಒಂದು ಕಡೆ ಹಾಡನ್ನು ಕಂಡರೆ ಸಿಡುಕುವ ಮೌಲ್ವಿ, ಇನ್ನೊಂದು ಕಡೆ ತಂಬೂರಿ ಹಿಡಿದು ಕುಣಿಯುವ ಸೂಫಿ. ಈ ಕಥೆ ನನಗೆ ಒಪ್ಪಿಗೆಯಿಲ್ಲ. ವಾದ್ಯದ ಬಗ್ಗೆ ಅತಿ ಬಿಗಿಯಾದ ಷರತ್ತುಗಳನ್ನು ಹಾಕಿದವರಲ್ಲಿ ಹಲವರು ಹಾಡು ಕೇಳಿ ಅತ್ತವರೇ, ಮೈಮರೆತವರೇ. ಜಗಳ ಇಬ್ಬರ ನಡುವೆ ನಡೆದದ್ದಕ್ಕಿಂತ ಹೆಚ್ಚಾಗಿ ಒಬ್ಬೊಬ್ಬರ ಎದೆಯೊಳಗೇ ನಡೆದಿದೆ.

ಜಗಳವೇ ಇಲ್ಲದ ಜಾಗ ಯಾವುದು ಎಂಬುದೂ ತಿಳಿದಿರಲಿ. ಕುರ್‌ಆನ್ ಪಾರಾಯಣಕ್ಕೆ, ಅಜಾನಿಗೆ, ನಮಾಜಿಗೆ ವಾದ್ಯ ಕೂಡಿಸುವುದನ್ನು ಯಾವ ಪಂಥವೂ ಒಪ್ಪುವುದಿಲ್ಲ. ಈಜಿಪ್ಟಿನ ಕಾರಿಗಳು, ಅಂದರೆ ಕುರ್‌ಆನ್ ಓದುವವರು, ಅರಬ್ಬೀ ಸಂಗೀತದ ಮಕಾಮ್‌ಗಳಲ್ಲಿ (ನಮ್ಮ ರಾಗಗಳ ಹಾಗೆ) ಓದುತ್ತಾರೆ, ಕೇಳಿದವರ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲಿ ಇರುವುದು ಕಂಠ ಮಾತ್ರ. ಚರ್ಚೆಯೇನಿದ್ದರೂ ಅಲ್ಲಾಹನನ್ನು ಹೊಗಳುವ ಹಮ್ದ್, ಪ್ರವಾದಿಯನ್ನು ಹೊಗಳುವ ನಾತ್, ವಲಿಗಳನ್ನು (ಸಂತರನ್ನು) ಹೊಗಳುವ ಮನ್ಕಬತ್, ಇವನ್ನೆಲ್ಲ ಒಳಗೊಂಡ ಕವ್ವಾಲಿ ಮತ್ತು ಪ್ರವಾದಿಯ ಜನನವನ್ನು ಹಾಡುವ ಮೌಲಿದ್‌ಗಳದ್ದು.

ಇನ್ನು ಮೂಲಕ್ಕೆ ಹೋಗೋಣ. ಹದೀಸ್ ಎಂದರೆ ಪ್ರವಾದಿಯ ನಡೆನುಡಿಗಳ ವರದಿ; ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿರುವ ಪ್ರಸಂಗ ಇದು. ಈದ್ ದಿನ. ಪ್ರವಾದಿಯ ಪತ್ನಿ ಆಯಿಶಾರ (ರ) ಮನೆಯಲ್ಲಿ ಮದೀನದ ಅನ್ಸಾರರ ಇಬ್ಬರು ಹುಡುಗಿಯರು ಹಳೆಯ ಬುಆಸ್ ಯುದ್ಧದ ಹಾಡು ಹಾಡುತ್ತಿದ್ದಾರೆ. ಒಂದು ವರದಿಯ ಪ್ರಕಾರ ದಫ್ಫನ್ನೂ ಬಾರಿಸುತ್ತಿದ್ದಾರೆ. ಪ್ರವಾದಿ (ಸ) ಅಲ್ಲೇ ಮಲಗಿ ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದಾರೆ. ಒಳಗೆ ಬಂದ ಆಯಿಶಾರ ತಂದೆ ಅಬೂಬಕರ್ (ರ) ‘ಅಲ್ಲಾಹನ ರಸೂಲರ ಮನೆಯಲ್ಲಿ ಶೈತಾನನ ಮಿಝ್ಮಾರೇ?’ ಎಂದು ಗದರುತ್ತಾರೆ. ಪ್ರವಾದಿ (ಸ) ಹೇಳುತ್ತಾರೆ: ‘ಅವರನ್ನು ಬಿಟ್ಟುಬಿಡಿ ಅಬೂಬಕರ್. ಪ್ರತಿ ಜನಾಂಗಕ್ಕೂ ಹಬ್ಬವಿರುತ್ತದೆ, ಇದು ನಮ್ಮ ಹಬ್ಬ.’

ಈ ಒಂದು ದೃಶ್ಯದಿಂದ ಎರಡು ದಾರಿಗಳು ಹೊರಟಿವೆ. ಪ್ರವಾದಿಯ ಮನೆಯಲ್ಲೇ ನಡೆದದ್ದು ತಪ್ಪಾಗಲು ಹೇಗೆ ಸಾಧ್ಯ ಎನ್ನುತ್ತಾರೆ ಕೆಲವರು. ಅಬೂಬಕರ್ ಬಳಸಿದ ‘ಶೈತಾನನ ಮಿಝ್ಮಾರ್’ ಎಂಬ ಮಾತನ್ನು ಪ್ರವಾದಿ ಅಲ್ಲಗಳೆಯಲಿಲ್ಲ, ಹಬ್ಬವೆಂಬ ಕಾರಣ ಕೊಟ್ಟು ರಿಯಾಯಿತಿ ತೋರಿದರು ಅಷ್ಟೆ ಎನ್ನುತ್ತಾರೆ ಉಳಿದವರು. ಎರಡನೆಯ ವಾದವನ್ನು ತಳ್ಳಿಹಾಕಲಾಗದು. ಆದರೆ ನನ್ನ ಮನಸ್ಸು ನಿಲ್ಲುವುದು ಆ ಪದದ ಮೇಲೆ. ಮಿಝ್ಮಾರ್ ಎಂದರೆ ಊದುವ ಕೊಳಲು, ಇಂಪಾದ ದನಿ ಎಂದೂ ಆಗುತ್ತದೆ. ಇನ್ನೊಂದು ಹದೀಸಿನಲ್ಲಿ ಅಬೂ ಮೂಸಾ ಅಲ್‌ಅಶ್‌ಅರಿ (ರ) ಕುರ್‌ಆನ್ ಓದುವುದನ್ನು ಕೇಳಿ ಪ್ರವಾದಿ (ಸ) ‘ದಾವೂದರ ಮನೆತನದ ಮಿಝ್ಮಾರ್‌ಗಳಲ್ಲಿ ಒಂದು ನಿಮಗೆ ದೊರೆತಿದೆ’ ಎಂದು ಮೆಚ್ಚುತ್ತಾರೆ. ಗದರಿಕೆಯಲ್ಲಿ ಬಂದ ಪದವೇ ಮೆಚ್ಚುಗೆಯಲ್ಲೂ ಬಂತು. ಶೈತಾನನಿಗೂ ಒಂದು ಕೊಳಲು, ದಾವೂದರಿಗೂ ಒಂದು ಕೊಳಲು. ಮುಂದಿನ ಶತಮಾನಗಳ ಪಂಡಿತರು ಈ ಎರಡು ಕೊಳಲುಗಳ ನಡುವೆ ಗೆರೆ ಎಳೆಯುವುದರಲ್ಲೇ ಆಯುಷ್ಯ ಕಳೆದರು.

ತಿರ್ಮಿದಿಯಲ್ಲಿ ಬರುವ ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರದ್ದು. ಪ್ರವಾದಿ ಯುದ್ಧದಿಂದ ಕ್ಷೇಮವಾಗಿ ಮರಳಿದರೆ ಅವರ ಮುಂದೆ ದಫ್ ಬಾರಿಸಿ ಹಾಡುತ್ತೇನೆ ಎಂದು ಒಬ್ಬ ಹೆಣ್ಣುಮಗಳು ಹರಕೆ ಹೊತ್ತಿರುತ್ತಾಳೆ. ಹರಕೆ ಹೊತ್ತಿದ್ದರೆ ಬಾರಿಸು, ಇಲ್ಲವಾದರೆ ಬೇಡ ಎನ್ನುತ್ತಾರೆ ಪ್ರವಾದಿ (ಸ). ಅನುಮತಿಯೂ ಇದೆ, ಮಿತಿಯೂ ಇದೆ. ಮದೀನಕ್ಕೆ ಪ್ರವಾದಿ ಬಂದಾಗ ‘ತಲಅಲ್ ಬದ್ರು’ ಹಾಡಿ ದಫ್ ಬಾರಿಸಿದರೆಂಬ ಕಥೆಯನ್ನು ಮೀಲಾದ್ ವೇದಿಕೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಅದರ ಸನದು (ವರದಿಗಾರರ ಸರಪಳಿ) ದುರ್ಬಲವೆಂದು ಹದೀಸ್ ಪಂಡಿತರೇ ಹೇಳಿರುವುದರಿಂದ ನಾನು ಅದನ್ನು ಆಧಾರವಾಗಿ ಹಿಡಿಯುವುದಿಲ್ಲ.

ನಿಷೇಧಿಸುವವರ ಕೈಯಲ್ಲಿರುವ ದೊಡ್ಡ ಆಧಾರ ಬುಖಾರಿಯದೇ. ನನ್ನ ಸಮುದಾಯದಲ್ಲಿ ವ್ಯಭಿಚಾರ, ರೇಷ್ಮೆ, ಮದ್ಯ, ಮಆಝಿಫ್ ಇವನ್ನು ಹಲಾಲ್ ಮಾಡಿಕೊಳ್ಳುವವರು ಬರುತ್ತಾರೆ ಎಂಬ ಹದೀಸ್. ಮಆಝಿಫ್ ಎಂದರೆ ವಾದ್ಯಗಳು. ಸ್ಪೇನಿನ ಕೊರ್ದೊಬಾದ ಇಬ್ನ್ ಹಝ್ಮ್ (994–1064) ಇದರ ವರದಿಗಾರರ ಸರಪಳಿ ಬುಖಾರಿ ಮತ್ತು ಹಿಶಾಮ್ ಇಬ್ನ್ ಅಮ್ಮಾರ್ ನಡುವೆ ತುಂಡಾಗಿದೆ ಎಂದು ಹೇಳಿ ಒಪ್ಪಲಿಲ್ಲ. ಇಬ್ನ್ ಹಜರ್ ಅಸ್ಕಲಾನಿಯಂತಹ ನಂತರದ ವಿದ್ವಾಂಸರು ಸರಪಳಿ ಬೇರೆ ದಾರಿಯಿಂದ ಕೂಡಿಕೊಂಡಿದೆ ಎಂದು ತೋರಿಸಿದರು. ಬಹುಪಾಲು ಪಂಡಿತರು ನಡೆದದ್ದು ಇಬ್ನ್ ಹಜರರ ದಾರಿಯಲ್ಲಿ. ಹನಫಿ, ಶಾಫಿಈ ಮೊದಲಾದ ನಾಲ್ಕೂ ಮದ್‌ಹಬ್‌ಗಳ (ಧರ್ಮಶಾಸ್ತ್ರ ಪಂಥಗಳ) ಮುಖ್ಯ ಅಭಿಪ್ರಾಯ ತಂತಿವಾದ್ಯ ಮತ್ತು ಊದುವ ವಾದ್ಯಗಳ ವಿರುದ್ಧವೇ ಇದೆ. ಸಂಗೀತದ ಮೇಲಿನ ಪ್ರೀತಿಯಿಂದ ಈ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ.

ಈಗ ನನ್ನ ಶೀರ್ಷಿಕೆಗೆ ಕಾರಣವಾದ ಹದೀಸ್. ಅಬೂದಾವೂದ್ ಸಂಗ್ರಹದಲ್ಲಿದೆ. ಅಬ್ದುಲ್ಲಾಹ್ ಇಬ್ನ್ ಉಮರ್ (ರ) ದಾರಿಯಲ್ಲಿ ಹೋಗುವಾಗ ಕೊಳಲಿನ ದನಿ ಕೇಳಿಸುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ದಾರಿ ಬಿಟ್ಟು ದೂರ ಸರಿಯುತ್ತಾರೆ. ಜೊತೆಯಲ್ಲಿದ್ದ ನಾಫಿಅರನ್ನು ‘ಈಗ ಕೇಳಿಸುತ್ತಿದೆಯೇ?’ ಎಂದು ಕೇಳುತ್ತ ನಡೆದು, ಇಲ್ಲ ಎಂದಾಗ ಬೆರಳು ತೆಗೆಯುತ್ತಾರೆ. ಪ್ರವಾದಿ ಹೀಗೆಯೇ ಮಾಡಿದ್ದನ್ನು ನಾನು ಕಂಡಿದ್ದೇನೆ ಎನ್ನುತ್ತಾರೆ. ಕೊಳಲು ಹರಾಮ್ ಎನ್ನಲು ಇದು ಸಾಕ್ಷಿ. ಆದರೆ ಹರಾಮ್ ಆಗಿದ್ದರೆ ನಾಫಿಅರಿಗೂ ಕಿವಿ ಮುಚ್ಚಿಕೊಳ್ಳಲು ಹೇಳಬೇಕಿತ್ತಲ್ಲ, ಕೊಳಲೂದುತ್ತಿದ್ದ ಕುರಿಗಾಹಿಯನ್ನು ತಡೆಯಬೇಕಿತ್ತಲ್ಲ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಇಬ್ನ್ ತೈಮಿಯ್ಯಾ (1263–1328) ಕೊಟ್ಟ ಉತ್ತರದಲ್ಲಿ ಎರಡು ಪದಗಳಿವೆ: ಸಮಾಅ್ ಬೇರೆ, ಇಸ್ತಿಮಾಅ್ ಬೇರೆ. ಮೊದಲನೆಯದು ತಾನಾಗಿ ಕಿವಿಗೆ ಬೀಳುವುದು. ಎರಡನೆಯದು ಬೇಕೆಂದು ಕಿವಿಗೊಡುವುದು. ಧರ್ಮ ಪ್ರಶ್ನಿಸುವುದು ಎರಡನೆಯದನ್ನು. ಅರಬ್ಬಿಯ ಈ ಸೂಕ್ಷ್ಮವನ್ನು ಹಲವು ಭಾಷೆಗಳು ಸುತ್ತಿ ಬಳಸಿ ಹೇಳಬೇಕಾಗುತ್ತದೆ, ನಮ್ಮ ಕನ್ನಡಕ್ಕೆ ಆ ಕಷ್ಟವಿಲ್ಲ. ಕಿವಿಗೆ ಬಿದ್ದದ್ದಕ್ಕೂ ಕಿವಿಗೊಟ್ಟದ್ದಕ್ಕೂ ಇರುವ ಅಂತರ ಇಲ್ಲಿ ಮಕ್ಕಳಿಗೂ ಗೊತ್ತು.

ಇನ್ನು ನನ್ನ ಗೆಳೆಯನ ಮತ್ತು ಸಹೋದ್ಯೋಗಿಯ ಬೆರಗಿಗೆ ಬರುತ್ತೇನೆ. ಉತ್ತರ ಕರ್ನಾಟಕದ ನಾವು ಹೆಚ್ಚಾಗಿ ಹನಫಿಗಳು, ಕರಾವಳಿಯ ಬ್ಯಾರಿಗಳು ಶಾಫಿಈಗಳು. ಇಲ್ಲಿಯ ದರ್ಸುಗಳಿಗೆ (ಮಸೀದಿಯ ಪಾಠಗಳಿಗೆ) ಪರಿಚಿತವಾದ ಇಮಾಮ್ ನವವಿಯವರ (1233–1277) ‘ಮಿನ್ಹಾಜ್’ ಗ್ರಂಥದಲ್ಲಿ ವಾದ್ಯಗಳ ವಿಷಯ ಕೆಲವೇ ಸಾಲುಗಳಲ್ಲಿದೆ. ತಂಬೂರಿ, ಊದ್, ತಾಳ, ಇರಾಕಿನ ಮಿಝ್ಮಾರ್ ನಿಷಿದ್ಧ. ದಫ್ ಮದುವೆಗೂ ಖತ್ನಾಕ್ಕೂ ಸಲ್ಲುತ್ತದೆ, ಬೇರೆ ಸಂದರ್ಭಗಳಿಗೂ ಸಲ್ಲುತ್ತದೆ ಎಂಬುದೇ ಹೆಚ್ಚು ಸರಿ, ಅದಕ್ಕೆ ಬಿಲ್ಲೆಗಳಿದ್ದರೂ ಅಡ್ಡಿಯಿಲ್ಲ. ಕೂಬಾ ಎಂಬ ಚರ್ಮವಾದ್ಯ ಮಾತ್ರ ಕೂಡದು. ಕೂಬಾ ಎಂದರೆ ಉದ್ದನೆಯ, ನಡು ಸಣ್ಣಗಿರುವ ವಾದ್ಯ. ನಮ್ಮ ಡಮರುಗದ ಆಕಾರವನ್ನು ನೆನೆಯಬಹುದು. ‘ಬೇರೆ ಸಂದರ್ಭಗಳಿಗೂ’ ಎಂಬ ಆ ಒಂದು ಮಾತಿನ ಬಾಗಿಲಿನಿಂದ ದಫ್ ಮೌಲಿದ್‌ಗೆ, ಮೆರವಣಿಗೆಗೆ ಬಂತು. ಹನಫೀ ಗ್ರಂಥಗಳು ನಿಕಾಹನ್ನು ಸಾರಲು ದಫ್ಫನ್ನು ಒಪ್ಪುತ್ತವೆ, ಅದೂ ಬಿಲ್ಲೆ ಗೆಜ್ಜೆಗಳಿಲ್ಲದ್ದನ್ನು. ಸ್ತುತಿಗೆ ಅದನ್ನು ತರಲು ಹಿಂಜರಿಯುತ್ತವೆ. ಗೆಳೆಯ ಜಗಲಿ ಹತ್ತಿದ್ದು ಈ ಹಿಂಜರಿಕೆಯಿಂದ.

ನವವಿ ಆ ವಾದ್ಯಗಳನ್ನು ಏಕೆ ನಿಷೇಧಿಸಿದರು ಎಂಬುದಕ್ಕೂ ಅವರ ಸಾಲಿನಲ್ಲೇ ಉತ್ತರವಿದೆ: ಅವು ‘ಕುಡುಕರ ಗುರುತು’ ಎಂಬ ಕಾರಣಕ್ಕೆ. ಇದನ್ನು ಬಿಡಿಸಿ ಹೇಳಿದವರು ಅವರಿಗಿಂತ ಹಿಂದಿನ ಇಮಾಮ್ ಗಝ್ಝಾಲಿ (1058–1111). ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಸಮಾಅ್ (ಸೂಫಿಗಳ ಮಾತಿನಲ್ಲಿ ಇದು ಹಾಡಿಗೆ ಕಿವಿಗೊಡುವುದು) ಬಗ್ಗೆ ಅವರು ಒಂದು ಇಡೀ ಭಾಗವನ್ನೇ ಬರೆದಿದ್ದಾರೆ. ಇಂಪು ಎಂಬ ಕಾರಣಕ್ಕೆ ಯಾವುದೂ ಹರಾಮ್ ಆಗದು, ಆಗುವುದಾದರೆ ಬುಲ್‌ಬುಲ್ ಹಕ್ಕಿಯ ದನಿಯೂ ಹರಾಮ್ ಆಗಬೇಕಿತ್ತು. ವಾದ್ಯಗಳನ್ನು ಮಾಡಿದ್ದೇ ಪ್ರಾಣಿಗಳ ಕೊರಳನ್ನು ನೋಡಿ ಎನ್ನುತ್ತಾರೆ. ವಸಂತವೂ ಅದರ ಹೂಗಳೂ, ಊದ್ ವಾದ್ಯವೂ ಅದರ ತಂತಿಗಳೂ ಅಲುಗಿಸದವನ ಪ್ರಕೃತಿಯೇ ಕೆಟ್ಟಿದೆ, ಅದಕ್ಕೆ ಮದ್ದಿಲ್ಲ ಎಂಬ ಮಾತು ಬರುವುದೂ ಈ ಗ್ರಂಥದಲ್ಲಿಯೇ. ಇಷ್ಟು ಹೇಳಿದವರು ಮುಂದೆ ತಂತಿವಾದ್ಯಗಳನ್ನು ನಿಷೇಧದ ಪಟ್ಟಿಗೆ ಸೇರಿಸುತ್ತಾರೆ. ಅವರ ಉದಾಹರಣೆ ಕೇಳಿ: ಕೆಲವರು ಸೇರಿ, ಮದ್ಯದ ಗೋಷ್ಠಿಯ ಹಾಗೆಯೇ ಬಟ್ಟಲು ಜೋಡಿಸಿ, ಸುರಿದುಕೊಡುವವನನ್ನು ನಿಲ್ಲಿಸಿ, ಅದೇ ಉಪಚಾರದ ಮಾತುಗಳನ್ನಾಡುತ್ತ ಬಟ್ಟಲುಗಳಲ್ಲಿ ಸಿಕಂಜಬೀನ್ ಪಾನಕ ಕುಡಿದರೂ ಅದು ನಿಷಿದ್ಧ. ಪಾನಕ ಹಲಾಲ್, ಆ ವೇಷ ಹಲಾಲ್ ಅಲ್ಲ.

ನನಗೆ ಗಝ್ಝಾಲಿ ಹತ್ತಿರವಾಗುವುದು ಇಲ್ಲಿ. ತಂತಿಯಲ್ಲಿ ಪಾಪ ಅಡಗಿದೆ ಎಂದು ಅವರು ಹೇಳಲಿಲ್ಲ, ಅದು ಕುಳಿತಿರುವ ಮನೆ ಯಾವುದು ಎಂದು ಕೇಳಿದರು. ಹಾಗಾದರೆ ಮನೆ ಬದಲಾದರೆ? ಆ ಪ್ರಶ್ನೆಯನ್ನು ಎತ್ತಿಕೊಂಡವರು ಡಮಾಸ್ಕಸ್ಸಿನ ಅಬ್ದುಲ್ ಗನಿ ನಾಬುಲುಸಿ (1641–1731). ಅವರು ಹನಫಿಯೇ. ವಾದ್ಯ ಕೇಳುವುದರ ಬಗ್ಗೆಯೇ ಒಂದು ಗ್ರಂಥ ಬರೆದು, ಕೇಳುವವನ ನಿಯ್ಯತ್ತು (ಉದ್ದೇಶ) ಮತ್ತು ಜೊತೆಯಲ್ಲಿರುವ ಪಾಪದ ಮೇಲೆ ತೀರ್ಪು ನಿಲ್ಲುತ್ತದೆ ಎಂದು ವಾದಿಸಿದರು. 20ನೆಯ ಶತಮಾನದಲ್ಲಿ ಅಲ್ ಅಝ್ಹರ್‌ನ ಮುಖ್ಯಸ್ಥರಾಗಿದ್ದ ಮಹಮೂದ್ ಶಲ್ತೂತ್ ಕೂಡ ಷರತ್ತುಗಳೊಂದಿಗೆ ಸಂಗೀತವನ್ನು ಒಪ್ಪಿದರು. ತುರ್ಕಿಯಲ್ಲಿ ರೂಮಿಯ ಪರಂಪರೆಯ ಮೌಲವಿ ದರ್ವೇಶರಂತೂ ನೇಯ್ ಎಂಬ ಜೊಂಡಿನ ಕೊಳಲನ್ನು ಆರಾಧನೆಯ ನಡುಮನೆಗೇ ತಂದಿದ್ದರು.

ಈಗ ದೆಹಲಿಗೆ ಬರೋಣ, ಏಕೆಂದರೆ ಕಲಬುರಗಿಯ ದಾರಿ ದೆಹಲಿಯಿಂದಲೇ ಹಾದು ಬರುತ್ತದೆ. ಚಿಶ್ತಿ ಎಂಬ ಸೂಫಿ ಪರಂಪರೆಯ ಖ್ವಾಜಾ ಕುತುಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ತೀರಿಕೊಂಡದ್ದೇ ಸಮಾಅ್ ಗೋಷ್ಠಿಯಲ್ಲಿ ಒಂದು ಪಾರಸಿ ದ್ವಿಪದಿ ಕೇಳಿ ಮೈಮರೆತು. ಅದೇ ಪರಂಪರೆಯ ನಿಜಾಮುದ್ದೀನ್ ಔಲಿಯಾ (1238–1325) ಸಮಾಅ್‌ಗೆ ನಾಲ್ಕು ಷರತ್ತು ಹಾಕಿದರು. ಹಾಡುವವರು ಪ್ರಾಯಕ್ಕೆ ಬಂದ ಗಂಡಸರಾಗಿರಬೇಕು. ಕೇಳುವವನ ಮನಸ್ಸು ದೇವರ ನೆನಪಿನಲ್ಲಿರಬೇಕು. ಹಾಡಿನಲ್ಲಿ ಹೊಲಸು ಇರಬಾರದು. ಚಂಗ್, ರಬಾಬ್‌ನಂತಹ ವಾದ್ಯಗಳು ಗೋಷ್ಠಿಯಲ್ಲಿ ಇರಬಾರದು. ಹೌದು, ಇಂದು ಗುರುವಾರದ ಸಂಜೆ ಯಾರ ದರ್ಗಾದಲ್ಲಿ ಹಾರ್ಮೋನಿಯಂ ಕವ್ವಾಲಿ ಕೇಳಲು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೋ, ಅವರೇ.

ಕೆಲವು ದರ್ವೇಶರು ಚಂಗ್, ರಬಾಬ್ ಇದ್ದ ಗೋಷ್ಠಿಯಲ್ಲಿ ಕುಣಿದರೆಂದು ಅವರಿಗೆ ಸುದ್ದಿ ಬಂತು. ಮಾಡಿದ್ದು ಒಳ್ಳೆಯದಲ್ಲ ಎಂದರು. ನಾವು ಎಷ್ಟು ತಲ್ಲೀನರಾಗಿದ್ದೆವೆಂದರೆ ವಾದ್ಯ ಇದೆಯೋ ಇಲ್ಲವೋ ತಿಳಿಯಲೇ ಇಲ್ಲ ಎಂಬುದು ಆ ದರ್ವೇಶರ ಸಮಜಾಯಿಷಿ. ಈ ಉತ್ತರ ನಿಲ್ಲುವುದಿಲ್ಲ, ಎಲ್ಲ ಪಾಪಕ್ಕೂ ಇದನ್ನೇ ಹೇಳಬಹುದಲ್ಲ ಎಂದರು ನಿಜಾಮುದ್ದೀನ್. ಇತ್ತ ಇದೇ ನಿಜಾಮುದ್ದೀನರನ್ನು ಸಮಾಅ್ ಕೇಳುತ್ತಾರೆಂಬ ಆರೋಪದ ಮೇಲೆ ಸುಲ್ತಾನ ಘಿಯಾಸುದ್ದೀನ್ ತುಘಲಕ್ ಉಲೇಮಾಗಳ ಸಭೆಯ ಮುಂದೆ ನಿಲ್ಲಿಸಿದ. ಅವರು ಹದೀಸ್ ಎತ್ತಿ ಹೇಳಿದರೆ, ನೀವು ಹನಫಿ, ಅಬೂ ಹನೀಫಾರ ಮಾತು ತನ್ನಿ ಎಂದು ಎದುರಾಳಿಗಳು ಪಟ್ಟು ಹಿಡಿದರು. ಹದೀಸನ್ನೇ ಕೇಳದ ಆ ಸಭೆಯನ್ನು ನೆನೆದು ಅವರು ಬಹಳ ನೊಂದರು. ಹಾಡಿಗಾಗಿ ಸುಲ್ತಾನನ ಸಭೆಯಲ್ಲಿ ನಿಂತವರೂ ವಾದ್ಯಕ್ಕೆ ಬೇಡ ಎಂದವರೂ ಒಬ್ಬರೇ. ನಾನು ಮೊದಲು ಹೇಳಿದ ಸಿದ್ಧ ಕಥೆಯಲ್ಲಿ ಇವರನ್ನು ಯಾವ ಕಡೆ ಕೂರಿಸುತ್ತೀರಿ?

ಅವರ ಉತ್ತರಾಧಿಕಾರಿ ನಸೀರುದ್ದೀನ್ ಚಿರಾಗ್ ದೆಹಲವಿ ಒಂದು ಗೋಷ್ಠಿಯಲ್ಲಿ ವಾದ್ಯ ಮೊದಲಾದ ಕೂಡಲೇ ಎದ್ದು ಹೊರಟರು. ಪೀರರ ದಾರಿ ಬಿಟ್ಟಿರಾ ಎಂದು ಕೇಳಿದವರಿಗೆ, ಪೀರರ ನಡೆ ಪ್ರಮಾಣವಲ್ಲ, ಕುರ್‌ಆನ್ ಮತ್ತು ಹದೀಸಿನಿಂದ ಆಧಾರ ಬೇಕು ಎಂದರು. ಚಾಡಿ ನಿಜಾಮುದ್ದೀನರವರೆಗೆ ಹೋಯಿತು. ಅವರು ಶಿಷ್ಯನೇ ಸರಿ ಎಂದರು.

ಈ ಚಿರಾಗ್ ದೆಹಲವಿಯ ಶಿಷ್ಯರೇ ನಮ್ಮ ಖ್ವಾಜಾ ಬಂದಾನವಾಜ್ ಗೇಸುದರಾಜ್ (1321–1422). ತೈಮೂರ್ ದೆಹಲಿಗೆ ಬರುವ ಮುನ್ನ 1398ರಲ್ಲಿ ಆ ಊರು ಬಿಟ್ಟು, ಫಿರೋಜ್ ಷಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿದರು. ಅವರ ಮಾತುಗಳನ್ನು ಮಗ ಸೈಯದ್ ಅಕ್ಬರ್ ಹುಸೈನಿ ‘ಜವಾಮಿಉಲ್ ಕಲಿಮ್’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಪಾರಸಿಯಲ್ಲಿ ಅಷ್ಟು ಬರೆದ ವಿದ್ವಾಂಸರಾದರೂ ಹಿಂದವಿ ಹಾಡು ಮನಸ್ಸನ್ನು ಕರಗಿಸುವ ಬಗೆಯೇ ಬೇರೆ ಎಂಬ ಅಭಿಪ್ರಾಯ ಅವರದಾಗಿತ್ತು. ಭಾಷೆಯ ಮೃದುತ್ವವೇ ಒಂದು ವಾದ್ಯದ ಕೆಲಸ ಮಾಡಬಲ್ಲದು ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಸುಮಾರು ಇನ್ನೂರು ವರ್ಷಗಳ ನಂತರ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾ (ಆಳ್ವಿಕೆ 1580–1627) ‘ಕಿತಾಬೆ ನೌರಸ್’ ಬರೆದ. ರಾಗಗಳ ಹೆಸರಿನಡಿ ದಖನಿ ಹಾಡುಗಳು. ಅವುಗಳಲ್ಲಿ ಸರಸ್ವತಿ, ಗಣಪತಿಯರ ಜೊತೆಗೆ ಬಂದಾನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಅವನು ಮೋತಿ ಖಾನ್ ಎಂದು ಹೆಸರಿಟ್ಟು ಮನುಷ್ಯರನ್ನು ಪ್ರೀತಿಸುವ ಹಾಗೆ ಪ್ರೀತಿಸಿದ. ಮಿನ್ಹಾಜ್ ಹೆಸರು ಹಿಡಿದು ನಿಷೇಧಿಸಿದ್ದ ತಂಬೂರಿ ಇಲ್ಲಿ ವಲಿಯ ಸ್ತುತಿಗೆ ಶ್ರುತಿ ಹಿಡಿಯಿತು. ಸುಲ್ತಾನನ ನಡೆ ಫತ್ವಾ ಆಗುವುದಿಲ್ಲ, ನಾನು ಹಾಗೆ ವಾದಿಸುವವನೂ ಅಲ್ಲ. ಈ ನೆಲದಲ್ಲಿ ಜನರ ಕಿವಿ ಯಾವುದನ್ನು ಭಕ್ತಿ ಎಂದು ಗುರುತಿಸಿತು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ. ನಮ್ಮ ಹಳ್ಳಿಗಳ ಮೊಹರಮ್ಮಿನಲ್ಲಿ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ ಕರ್ಬಲಾದ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುವವರೂ ಇದೇ ಕಿವಿಯವರು. ಶಿಶುನಾಳ ಶರೀಫರೂ (1819–1889) ಅಂತಹ ಪದಗಳನ್ನು ಕಟ್ಟಿದ್ದಾರೆ.

ಇನ್ನು ನಮ್ಮ ಕಾಲ. ಬರೇಲಿಯ ಅಹಮದ್ ರಜಾ ಖಾನ್ (1856–1921) ಉರ್ದುವಿನ ಬಹು ದೊಡ್ಡ ನಾತ್ ಕವಿ, ದರ್ಗಾಗಳಿಗೆ ನಡೆದುಕೊಳ್ಳುವವರ ದೊಡ್ಡ ಆಸರೆ. ಆದರೆ ವಾದ್ಯಗಳೊಂದಿಗೆ ಕವ್ವಾಲಿ ಹಾಡುವುದು ಹರಾಮ್ ಎಂದೇ ಅವರ ಫತ್ವಾ. ಅವರನ್ನು ಹಿಂಬಾಲಿಸುವ ನಾತ್ ಗಾಯಕರು ಕಂಠ ಮಾತ್ರದಲ್ಲಿ ಹಾಡುತ್ತ ಬಂದರು. ಆಮೇಲೆ ರೆಕಾರ್ಡಿಂಗ್ ಸ್ಟುಡಿಯೋ ಬಂತು. ವಾದ್ಯ ಬೇಡ, ತಾಳ ಮಾತ್ರ ಬೇಕು ಎಂದಾಗ ಒಂದು ಉಪಾಯ ಹುಟ್ಟಿತು: ಹಿನ್ನೆಲೆಯಲ್ಲಿ ಹಲವು ಕಂಠಗಳು ‘ಅಲ್ಲಾಹ್, ಅಲ್ಲಾಹ್’ ಎಂದು ಲಯಬದ್ಧವಾಗಿ ಉಸುರುವುದು, ಅದರ ಮೇಲೆ ಮುಖ್ಯ ಗಾಯಕ ನಾತ್ ಹಾಡುವುದು. ಕೇಳಿದರೆ ತಬಲಾದ ಬಡಿತದ ಹಾಗೆಯೇ ಇರುತ್ತದೆ. ವಾದ್ಯವನ್ನು ತಪ್ಪಿಸಲು ಮಾಡಿದ ಈ ಉಪಾಯವನ್ನು ಅದೇ ವಲಯದ ಉಲೇಮಾಗಳೇ ಕಟುವಾಗಿ ವಿರೋಧಿಸಿದರು. ದೇವರ ಹೆಸರನ್ನು ಡೋಲಿನ ಬದಲಿಗೆ ಬಳಸುತ್ತಿದ್ದೀರಿ, ಅವಸರಕ್ಕೆ ಸಿಕ್ಕಿ ಆ ಹೆಸರಿನ ಅಕ್ಷರಗಳೇ ಮುರಿದುಹೋಗುತ್ತಿವೆ ಎಂದರು. ಈ ಆಕ್ಷೇಪವನ್ನು ಮೊದಲ ಸಲ ಓದಿದಾಗ ನಾನು ಮೊಬೈಲಿನಲ್ಲಿದ್ದ ಅಂತಹ ಒಂದು ನಾತನ್ನು ಮತ್ತೆ ಹಾಕಿಕೊಂಡು ಕೇಳಿದೆ. ಅವರು ಹೇಳಿದ್ದು ನಿಜವಾಗಿತ್ತು. ಪೂರ್ತಿ ಹೆಸರು ಕೇಳಿಸುತ್ತಲೇ ಇರಲಿಲ್ಲ, ಅದರ ಕೊನೆಯ ಉಸಿರು ಮಾತ್ರ ಬಡಿತವಾಗಿ ಕೇಳುತ್ತಿತ್ತು. ಒಂದು ದಫ್ಫನ್ನೇ ಬಾರಿಸಿದ್ದರೆ ಆ ಹೆಸರಿಗೆ ಹೆಚ್ಚು ಗೌರವ ಸಿಗುತ್ತಿತ್ತೇನೋ ಎಂದು ಅನಿಸಿತು. ನಾನು ವಿದ್ವಾಂಸನಲ್ಲ, ಇದು ನನ್ನ ಕಿವಿಯ ಅನಿಸಿಕೆ.

ಇಂದಿನ ನಶೀದ್ (ಇಸ್ಲಾಮೀ ಭಕ್ತಿಗೀತೆ) ಗಾಯಕರು ಹಲವರು ಒಂದೇ ಹಾಡನ್ನು ಎರಡು ಸಲ ಬಿಡುಗಡೆ ಮಾಡುತ್ತಾರೆ, ವಾದ್ಯದೊಂದಿಗೆ ಒಮ್ಮೆ, ಕಂಠ ಮಾತ್ರದಲ್ಲಿ ಒಮ್ಮೆ. 1977ರಲ್ಲಿ ಇಸ್ಲಾಂ ಸ್ವೀಕರಿಸಿದ ಬ್ರಿಟನ್ನಿನ ಗಾಯಕ ಯೂಸುಫ್ ಇಸ್ಲಾಂ ತಮ್ಮ ಗಿಟಾರುಗಳನ್ನು ಮಾರಿ, ವರ್ಷಗಟ್ಟಲೆ ದನಿ ಮತ್ತು ಚರ್ಮವಾದ್ಯಗಳ ಹಾಡುಗಳನ್ನಷ್ಟೇ ಹಾಡಿದರು. 2006ರಲ್ಲಿ ಮತ್ತೆ ಗಿಟಾರ್ ಹಿಡಿದು ಆಲ್ಬಂ ತಂದರು. ಬಿಟ್ಟಾಗಲೂ ಹಿಡಿದಾಗಲೂ ಅವರು ದೇವರಿಗೆ ಉತ್ತರ ಕೊಡುವ ಭಯದಿಂದಲೇ ನಡೆದುಕೊಂಡರೆಂದು ನಾನು ನಂಬುತ್ತೇನೆ.

ಕೊನೆಗೆ ಸಭಿಕರೊಬ್ಬರು ಎದ್ದು, ನಿಮ್ಮ ಮನೆಯಲ್ಲಿ ಯಾವ ರೂಢಿ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನನ್ನ ಅಬ್ಬಾ ನಾತ್ ಓದುತ್ತಿದ್ದರು. ವಾದ್ಯವೆಂದರೆ ಆಗದು. ಟೇಪ್ ರೆಕಾರ್ಡರಿನಲ್ಲಿ ಯಾರಾದರೂ ಕವ್ವಾಲಿ ಹಾಕಿದರೆ ಏನೂ ಅನ್ನದೆ ಅಂಗಳಕ್ಕೆ ಹೋಗುತ್ತಿದ್ದರು. ಉರುಸಿನ ರಾತ್ರಿ ಮಾತ್ರ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ದರ್ಗಾಕ್ಕೆ ಹೊರಡುತ್ತಿದ್ದರು. ಫಾತಿಹಾ ಮುಗಿಸಿ, ಕವ್ವಾಲರ ಮಹಫಿಲ್ಲಿನ ಕಡೆಗೆ ಹೋಗದೆ, ಗೋಡೆಯ ಆಚೆ ಒಂದು ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಹೊತ್ತಾಯಿತು, ಮನೆಗೆ ಹೋಗೋಣ ಎಂದರೆ ‘ಜನ ತುಂಬಾ ಇದ್ದಾರೆ, ಸ್ವಲ್ಪ ಕಡಿಮೆಯಾಗಲಿ ಬೇಟಾ’ ಎನ್ನುತ್ತಿದ್ದರು. ಜನ ಕಡಿಮೆಯಾಗಲು ನಡುರಾತ್ರಿ ಕಳೆಯುತ್ತಿತ್ತು. ಆಗ ನನಗೆ ಇಬ್ನ್ ಉಮರರ ಹದೀಸ್ ಗೊತ್ತಿರಲಿಲ್ಲ. ಅಬ್ಬಾಗೆ ಗೊತ್ತಿತ್ತೋ ಏನೋ, ಆ ಮರದ ಕೆಳಗೆ ಅವರು ಒಮ್ಮೆಯೂ ಕಿವಿಗೆ ಬೆರಳಿಡಲಿಲ್ಲ.

ಹಿಂತಿರುಗುವಾಗ ನಾನು ಮುಂದಿನ ಕಂಬಿಯ ಮೇಲೆ ನಿದ್ದೆಗಣ್ಣಿನಲ್ಲಿ ಕುಳಿತಿರುತ್ತಿದ್ದೆ. ನನ್ನ ತಲೆಯ ಮೇಲೆ, ತುಳಿತದ ಏದುಸಿರಿನ ನಡುವೆ, ಅವರು ಆ ಕವ್ವಾಲಿಯ ಸಾಲನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಕೆಳಗೆ ಚೈನು ಕಟಕಟ ಎನ್ನುತ್ತಿತ್ತು.